ಎರಡು ಫೋಲ್ಡರ್

ಕೆಲಸ ಬಿಟ್ಟು ಸ್ವಂತ ಅಂಗಡಿ ಹಾಕುತ್ತೇನೆಂದು ನೀಲಾ ಹೇಳಿದ್ದೇ ತಡ, ಮುದ್ರಣಾಲಯದ ಮಾಲೀಕ ಚನವೀರಪ್ಪನಿಗೆ ಉರಿ ಹತ್ತಿತು. ತನ್ನ ಮೇಜಿನಿಂದಲೇ ನೆಟ್‌ವರ್ಕ್ ತೆರೆದ. ಅವಳ ಕಂಪ್ಯೂಟರಿನಲ್ಲಿದ್ದ ಎರಡು ಫೋಲ್ಡರ್ ಪರದೆಯ ಮೇಲೆ ಮೂಡಿದವು. ಅವನಿಗೆ ತಿಳಿದಂತೆ ‘ಅಂಗಡಿ’ಯಲ್ಲಿ ಅವನ ಗಿರಾಕಿಗಳ ಲಗ್ನಪತ್ರಿಕೆಗಳು, ‘ನೀಲಾ’ದಲ್ಲಿ ಅವಳು ಮನೆಯಲ್ಲಿ ಕೂತು ಬರೆದ ಚಿತ್ತಾರಗಳು.

“ಇವನ್ನ ನಂಬ್ಕೊಂಡು ಅಂಗಡಿ ಹಾಕಾಕಿ ಏನವಾ?”

“ಅಳಸಬ್ಯಾಡ್ರಿ ಸರ, ಒಂಬತ್ತು ವರ್ಷದ ಕೆಲಸ ಐತಿ. ಕೈ ಮುಗೀತೀನಿ.”

“ಬರಿಗೈಲೆ ಹೋಗು!” ಎಂದವನೇ ‘ನೀಲಾ’ವನ್ನು ಅಳಿಸಿಬಿಟ್ಟ. “ನೆಟ್‌ವರ್ಕಿನ್ಯಾಗ ಅಳಸಿದ್ದು ರೀಸೈಕಲ್ ಬಿನ್ನಿಗೂ ಹೋಗಂಗಿಲ್ಲ. ಬ್ರಹ್ಮ ಬಂದ್ರೂ ಸಿಗಂಗಿಲ್ಲ.”

“ಖರೇನ್ರಿ?”

“ಖರೇ!”

ನೀಲಾ ಚೀಲವನ್ನು ಹೆಗಲಿಗೇರಿಸಿದಳು.

“ತೆರೆದರ ನೋಡಬೇಕಿತ್ತು ಸರ. ಮುಂಜಾನೆನ ಎರಡೂ ಫೋಲ್ಡರಿನ ಹೆಸರು ಅದಲುಬದಲು ಮಾಡಿದ್ದೆ.”