ಹಾರ್ವಿಕ್ ದೊರೆಯ ಹಕ್ಕಿಗಳು

ಕಾಡಿನ ಹಕ್ಕಿಗಳೆಲ್ಲ ಅಳಿದುಹೋದ ಮೇಲೆ, ಹತ್ತೊಂಬತ್ತನೇ ಶತಮಾನದಲ್ಲಿ ಹಾರ್ವಿಕ್ ಎಂಬ ಇಂಗ್ಲಿಷ್ ದೊರೆ ಗುಂಡು ಹೊಡೆದು ಹತ್ತಿ ತುಂಬಿಸಿಟ್ಟಿದ್ದ ಹಕ್ಕಿಗಳ ಜೀವಕೋಶಗಳಿಂದಲೇ ಮ್ಯೂಸಿಯಂನವರು ಹೊಸ ಜೀವಂತ ಹಕ್ಕಿಗಳನ್ನು ಬೆಳೆಸುತ್ತಿದ್ದರು. ಅವು ಹಾರುತ್ತಿರಲಿಲ್ಲ; ದೊರೆಯ ಸತ್ತ ಹಕ್ಕಿಗಳ ಹಾಗೆಯೇ ಡ್ರಾಯರುಗಳಲ್ಲಿ ಕಾಲು ಜೋಡಿಸಿಕೊಂಡು ಅಂಗಾತ ಮಲಗಿರುತ್ತಿದ್ದವು. ಅವನ್ನು ನೋಡಿಕೊಳ್ಳುತ್ತಿದ್ದ ದಾಕ್ಷಾಯಿಣಿ ಒಂದೊಂದರ ಕಾಲಿಗೂ ದೊರೆಯ ಹೆಸರಿನ ಚೀಟಿ ಕಟ್ಟಿ, ದಿನಾ ಬೆಳಿಗ್ಗೆ ಎತ್ತಿ ನಿಲ್ಲಿಸುತ್ತಿದ್ದಳು.

ಇವತ್ತು ಹೊರಗೆ ಜನ ದೊರೆಯ ಪ್ರತಿಮೆಯನ್ನು ಉರುಳಿಸುತ್ತಿದ್ದರು.

“ಆ ಕೊಲೆಗಾರನ ಚೀಟೀನೂ ಕತ್ತರಿಸಿಬಿಡಿ,” ಎಂದರು ಮೇಲಧಿಕಾರಿ ಬೋಪಯ್ಯ.

“ಅವನು ಹೊಡೀದೇ ಇದ್ದಿದ್ರೆ ಇವು ಎಲ್ಲಿರ್ತಿದ್ವು ಸಾರ್?”

“ಹೊಡೆದಿದ್ದಕ್ಕೇ ಅಲ್ವೇನಮ್ಮ ಹೀಗೆ ಮಲಗಿರೋದು?”

ದಾಕ್ಷಾಯಿಣಿ ನೀಲಿ ಹಕ್ಕಿಯೊಂದರ ಚೀಟಿ ಕತ್ತರಿಸಿ, ಅದನ್ನು ತೆರೆದ ಕಿಟಕಿಯಲ್ಲಿ ನಿಲ್ಲಿಸಿ ಕಾದಳು. ಹಕ್ಕಿ ಆಕಾಶವನ್ನು ನೋಡಿತು. ಆಮೇಲೆ ಮೆಲ್ಲಗೆ ಅಂಗಾತ ಒರಗಿ, ಚೀಟಿ ಕಟ್ಟಿಸಿಕೊಳ್ಳಲು ಅವಳತ್ತ ಕಾಲು ಚಾಚಿತು.