ಒಂದೂವರೆ ಟಿಕೆಟ್

ಶೇವಂತಾ ಗಡಿಯಾಚೆಗೆ ಹೋಗುವ ಬಸ್ಸಿನ ಮೆಟ್ಟಿಲು ಹತ್ತಿದಳು. ಬಾಗಿಲ ಯಂತ್ರ ಎಂದಿನಂತೆ ಎದೆಬಡಿತ ಎಣಿಸಿ, ಎಲ್ಲರಿಗೂ ಕೇಳುವ ಹಾಗೆ "ಒಂದೂವರೆ" ಎಂದಿತು. ಯಂತ್ರಕ್ಕೆಲ್ಲಿಯ ಮುಚ್ಚುಮರೆ? ಹೆಂಗಸರು ಕಿಟಕಿಯತ್ತ ಮುಖ ತಿರುಗಿಸಿದರು. ಅವಳ ಪಕ್ಕದ ಸೀಟು ಖಾಲಿಯೇ ಉಳಿಯಿತು.

"ಹೋಗಿ ಬರೂದೇನವ್ವಾ?" ಕಂಡಕ್ಟರ್ ಬಾಳಪ್ಪ ಟಿಕೆಟ್ ಮಷಿನ್ ಹಿಡಿದು ಬಂದ.

ಗರ್ಭ ತೆಗೆಸುವುದಕ್ಕೆ ಈ ರಾಜ್ಯದಲ್ಲಿ ನಿಷೇಧ, ಗಡಿಯಾಚೆ ಅಡ್ಡಿಯಿಲ್ಲ. ಆದರೆ ಒಂದೂವರೆಯಾಗಿ ಗಡಿ ದಾಟಿದವಳು ಒಂದೂವರೆಯಾಗಿಯೇ ಮರಳಬೇಕು, ಇಲ್ಲವೇ ಕೂಸನ್ನು ಎತ್ತಿಕೊಂಡು ಬರಬೇಕು. ಬರಿಗೈಯಲ್ಲಿ ಒಬ್ಬಳೇ ಬಂದರೆ ಗಡಿಯ ಗೇಟಿನಿಂದ ನೇರ ಜೈಲು.

ಬಾಳಪ್ಪ ದನಿ ತಗ್ಗಿಸಿದ. "ಶುಕ್ರವಾರ ಕೋರ್ಟು ಈ ಕಾಯ್ದೆ ಮ್ಯಾಲ ತೀರ್ಪು ಕೊಡತೈತಂತ. ಅಲ್ಲೀತನಕ ತಡಿಬಾರ್ದ?"

"ತೀರ್ಪು ನಾಕು ಸಲ ಮುಂದ ಹೋಗೇತ್ರಿ. ಹೊಟ್ಟಿ ಕಾಯೂದಿಲ್ಲ."

ಬೆಳಿಗ್ಗೆ ಬೀಡಿ ಎಲೆ ಕತ್ತರಿಸುತ್ತ ಕೂತಿದ್ದ ಅವ್ವನಿಗೆ ಅವಳು "ಹೋಗಿ ಬರ್ತೀನಿ" ಎಂದೇ ಹೇಳಿ ಬಂದಿದ್ದಳು. ಮನೆಯಿಂದ ಹೊರಡುವಾಗ ಬರೀ "ಹೋಗ್ತೀನಿ" ಎಂದು ಯಾರೂ ಹೇಳುವುದಿಲ್ಲ, ಅದು ಅಪಶಕುನ. ಅವ್ವ ತಲೆಯೆತ್ತದೆ, "ಲಗೂನ ಬಾ, ಬಿಸಿ ರೊಟ್ಟಿ ಬಡೀತೀನಿ" ಎಂದಿದ್ದಳು.

ಬಾಳಪ್ಪನ ಬೆರಳು ಮಷಿನ್ ಮೇಲೆ ಕಾಯುತ್ತಿತ್ತು.

"ಹೋಗೂದಷ್ಟರಿ," ಎಂದಳು ಶೇವಂತಾ.

"ಹಂಗನಬಾರ್ದವ್ವಾ," ಬಾಳಪ್ಪ ಸಿಡುಕಿದ. ಟಿಕೆಟನ್ನು ಮಾತ್ರ ಅವಳು ಹೇಳಿದಂತೆಯೇ ಹರಿದುಕೊಟ್ಟ.