ಗೆಂಡೆ ಹೊಡೆದವನಿಗೆ ಹೆಣ್ಣು

ಹೆಣ್ಣಿನ ಅಪ್ಪನದು ಒಂದೇ ಷರತ್ತು. ಶನಿವಾರ, ಭಾನುವಾರ ಅವರ ಹರಿಗೋಲಿನಲ್ಲಿ ಕೂತು, ದಾರ ಕಟ್ಟಿದ ಬಾಣದಿಂದ ಒಂದು ಗೆಂಡೆ ಮೀನು ಹೊಡೆಯಬೇಕು. ಆ ಮನೆಯ ಅಳಿಯಂದಿರೆಲ್ಲ ಹಾಗೆ ಬಂದವರೇ.

ಶನಿವಾರ ಹುಡುಗ ಬಿಟ್ಟ ಬಾಣಗಳೆಲ್ಲ ನೀರನ್ನಷ್ಟೇ ಚುಚ್ಚಿ ವಾಪಸ್ ಬಂದವು.

"ನೀರಲ್ಲಿ ಮೀನು ಇರೋದಕ್ಕಿಂತ ಮೇಲೆ ಕಾಣ್ತದೆ, ಲೋಹಿತ್ ಅವರೇ," ಎಂದರು ಹೆಣ್ಣಿನ ಅಪ್ಪ, ಭಾನುವಾರ ಬೆಳಿಗ್ಗೆ. "ಕಂಡಿದ್ದಕ್ಕಿಂತ ಕೆಳಕ್ಕೆ ಹೊಡೀರಿ."

ಪಕ್ಕದಲ್ಲೇ ಒಂದು ಗೆಂಡೆ ಕಾಣಿಸಿತು. ಹುಡುಗ ಅಂಚಿನಿಂದಾಚೆ ಬಗ್ಗಿ ಬಿಲ್ಲೆಳೆದ. ಮೀನು ಹರಿಗೋಲಿನ ಅಡಿಗೆ ನುಗ್ಗಿತು.

"ಕೆಳಕ್ಕೆ. ಇನ್ನೂ ಕೆಳಕ್ಕೆ. ನಮ್ಮ ಕಡೆಗೆ."

ಹುಡುಗ ಹೇಳಿದಂತೆಯೇ ಹೊಡೆದ. ದಪ್ಪನೆ ಸದ್ದಾಯಿತು. ದಾರ ಜಗ್ಗಿದರೆ ಬಾಣ ಬರಲಿಲ್ಲ. ಹರಿಗೋಲೇ ವಾಲಿಕೊಂಡು ಸುತ್ತತೊಡಗಿತು.

"ದೊಡ್ಡದೇ ಸಿಕ್ಕಿರ್ಬೇಕು ಸಾರ್."

"ಹರಿಗೋಲನ್ನೇ ತಿರುಗಿಸ್ತಾ ಇದೆ ಅಂದ್ರೆ ಹತ್ತು ಕೇಜಿಗೆ ಕಮ್ಮಿ ಇಲ್ಲ. ಬಿಡಬೇಡಿ ಅಳಿಯಂದಿರೇ. ಇನ್ಮೇಲೆ ಸಾರ್ ಅನ್ನಬೇಡಿ, ಮಾವ ಅನ್ನಿ. ಮುಂದಿನ ತಿಂಗಳೇ ಮುಹೂರ್ತ ಇಟ್ಕೊಳ್ಳೋಣ."

ಅಳಿಯಂದಿರು ಇನ್ನಷ್ಟು ಬಲವಾಗಿ ಜಗ್ಗಿದರು. ಮಾವನವರ ಅಂಗಾಲು ತಣ್ಣಗಾಯಿತು. ಬಗ್ಗಿ ನೋಡಿದರು. ಅವರ ಪಾದದ ಪಕ್ಕದಲ್ಲಿ, ಹರಿಗೋಲಿನ ತಳ ತೂರಿಕೊಂಡು ಬಾಣದ ಮೊನೆ ಒಳಗೆ ಬಂದಿತ್ತು. ಅದರ ಸುತ್ತ ನೀರು ಜಿನುಗುತ್ತಿತ್ತು.

ಕೈ ಚಾಚಿ ದಾರ ಹಿಡಿದರು.

"ಎಳೆಯೋದು ನಿಲ್ಲಿಸಿ, ಲೋಹಿತ್ ಅವರೇ. ದಡ ಸೇರೋವರೆಗೂ ಅದೇ ನಮಗೆ ಬಿರಡೆ."